ಮೊದಲ ಮಳೆಯ ನೀರನ್ನು ಒಮ್ಮೆ ಹಿಡಿದು ನೋಡಿ

ಕೃಷಿಯ ಹೊಣೆ ಹೊತ್ತವರಿಗೆ, ಕುಡಿಯುವ ನೀರಿನ ಹೊಣೆ ಹೊತ್ತವರಿಗೆ, ಮತ್ತು ಹೊಲ ಇರುವವರಿಗೂ ಇಲ್ಲದವರಿಗೂ,

ನಮಸ್ಕಾರ.

ನಾನು ಹೊಲ ಮಾಡುವವನು. ಕಳೆ ಔಷಧಿ ಹೊಡೆದಿದ್ದೇನೆ. ಯೂರಿಯಾ ಎರಚಿದ್ದೇನೆ. ಔಷಧಿ ಮುಗಿದ ಮೇಲೆ ಸ್ಪ್ರೇಯರ್ ಕ್ಯಾನನ್ನು ಹಳ್ಳದ ನೀರಿನಲ್ಲೇ ಅದ್ದಿ ತೊಳೆದಿದ್ದೇನೆ, ಆ ನೀರು ಎಲ್ಲಿಗೆ ಹೋಗುತ್ತದೆ ಅಂತ ಒಂದು ಕ್ಷಣವೂ ಯೋಚಿಸದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಪತ್ರ ರೈತರನ್ನು ಬೈಯುವುದಕ್ಕೆ ಬರೆದದ್ದಲ್ಲ, ಹಾಗಂತ ರೈತರದ್ದು ಏನೂ ಇಲ್ಲ ಅಂತ ಹೇಳುವುದಕ್ಕೂ ಅಲ್ಲ.

ನಾನು ಕೇಳುವುದು ಎರಡು ಮಾತು. ನೀರಿನ ಪರೀಕ್ಷೆಯನ್ನು ಸರಿಯಾದ ದಿನ ಮಾಡಿ. ದುಡ್ಡನ್ನು ಸರಿಯಾದ ಜಾಗದಲ್ಲಿ ಹಾಕಿ. ಸರಿಯಾದ ದಿನ ಅಂದರೆ ಔಷಧಿ, ಗೊಬ್ಬರ ಹಾಕಿದ ನಂತರ ಬರುವ ಮೊದಲ ದೊಡ್ಡ ಮಳೆ. ಸರಿಯಾದ ಜಾಗ ಅಂದರೆ ಹೊಲದ ಅಂಚು, ನಲ್ಲಿಯ ಹತ್ತಿರ ಅಲ್ಲ.

ಈ ಮಾತು ನನ್ನ ತಲೆಗೆ ಹೋಗಿದ್ದು ಒಂದು ಬೆಳಗಿನ ಜಾವ. ಆ ವರ್ಷ ಮೇಲುಗೊಬ್ಬರ ಕೊಟ್ಟ ಮಾರನೇ ದಿನವೇ ಜೋರು ಮಳೆ ಬಂತು. ಅರ್ಧ ಗೊಬ್ಬರ ಕೊಚ್ಚಿಕೊಂಡು ಹೋಯಿತು ಅಂತ ಹೊಟ್ಟೆ ಉರಿಯಿತು, ಇನ್ನೊಂದು ಚೀಲ ತಂದು ಮತ್ತೆ ಹಾಕಿದೆ. ಆಮೇಲೆ ಕೆಲವು ವಾರಕ್ಕೆ ಕೆಳಗಿನ ಹೊಂಡದ ನೀರು ಬಣ್ಣ ಬಳಿದ ಹಾಗೆ ಹಸಿರಾಯಿತು. ಒಂದು ದಿನ ಇನ್ನೂ ಬೆಳಕು ಹರಿಯುವ ಮೊದಲು ಅತ್ತ ಹೋದರೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಬಿಸಿಲು ಏರುವಷ್ಟರಲ್ಲಿ ಎಷ್ಟೋ ಮೀನು ಬಿಳಿ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿದ್ದವು. ಯಾರೋ ವಿಷ ಹಾಕಿದ್ದಾರೆ ಅಂತ ಎಲ್ಲರೂ ಮಾತಾಡಿಕೊಂಡರು. ನಾನೂ ಹಾಗೇ ಅಂದುಕೊಂಡೆ.

ವಿಷ ಅಲ್ಲ, ಉಸಿರು ಕಟ್ಟಿ ಸತ್ತಿದ್ದವು. ಕೊಚ್ಚಿ ಬಂದ ಗೊಬ್ಬರವನ್ನು ಉಂಡು ಹೊಂಡದ ತುಂಬ ಪಾಚಿ ಬೆಳೆದಿತ್ತು. ಪಾಚಿ ಹಗಲಿನಲ್ಲಿ ಬಿಸಿಲು ತಿಂದು ಆಮ್ಲಜನಕ ಬಿಡುತ್ತದೆ, ರಾತ್ರಿ ಅದೂ ನಮ್ಮ ಹಾಗೆ ಆಮ್ಲಜನಕ ಎಳೆದುಕೊಳ್ಳುತ್ತದೆ. ಸತ್ತ ಪಾಚಿ ತಳಕ್ಕೆ ಇಳಿದು ಕೊಳೆಯುವಾಗ ಬ್ಯಾಕ್ಟೀರಿಯಾಗಳು ಇನ್ನಷ್ಟು ಎಳೆಯುತ್ತವೆ. ಹಾಗಾಗಿ ನೀರಿನಲ್ಲಿ ಉಸಿರಿನ ಗಾಳಿ ಅತಿ ಕಡಿಮೆ ಇರುವುದು ಸೂರ್ಯ ಹುಟ್ಟುವ ಸ್ವಲ್ಪ ಮೊದಲು. ಲೀಟರ್ ನೀರಿನಲ್ಲಿ ಆಮ್ಲಜನಕ 2 ಮಿಲಿಗ್ರಾಂಗಿಂತ ಕೆಳಗೆ ಹೋದರೆ ಹೆಚ್ಚಿನ ಮೀನುಗಳಿಗೆ ಬದುಕಲು ಆಗುವುದಿಲ್ಲ. ನೀರಿನ ಮಾದರಿ ತೆಗೆಯುವವರು ಹತ್ತು ಗಂಟೆಯ ಮೇಲೆ ಬಿಸಿಲಿನಲ್ಲಿ ಬಂದು ಅಳೆದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಅಳತೆ ಸುಳ್ಳಲ್ಲ, ಅಳೆದ ಹೊತ್ತು ತಪ್ಪು.

ಹೊಲದಿಂದ ಹೋಗುವುದೆಲ್ಲ ಒಂದೇ ದಾರಿಯಲ್ಲಿ ಹೋಗುವುದಿಲ್ಲ. ಇದು ಗೊತ್ತಿಲ್ಲದೆ ಮಾಡಿದ ಯೋಜನೆ ಎಷ್ಟೇ ದುಡ್ಡು ಸುರಿದರೂ ಅರ್ಧಂಬರ್ಧ ಆಗುತ್ತದೆ.

ಯೂರಿಯಾದಂಥ ಗೊಬ್ಬರದಲ್ಲಿರುವ ಸಾರಜನಕ ಮಣ್ಣಿನಲ್ಲಿ ನೈಟ್ರೇಟ್ ಎಂಬ ರೂಪಕ್ಕೆ ಬದಲಾಗುತ್ತದೆ. ನೈಟ್ರೇಟ್ ನೀರಿನಲ್ಲಿ ಪೂರಾ ಕರಗುತ್ತದೆ, ಮಣ್ಣಿನ ಕಣ ಅದನ್ನು ಹಿಡಿದುಕೊಳ್ಳುವುದಿಲ್ಲ. ಅದು ಮೇಲಿಂದ ಹರಿಯುವುದಕ್ಕಿಂತ ಜಾಸ್ತಿ ಕೆಳಗೆ ಇಳಿಯುತ್ತದೆ, ಅಂತರ್ಜಲಕ್ಕೆ ಸೇರುತ್ತದೆ, ಇಲ್ಲವೇ ಬಸಿಗಾಲುವೆಯಲ್ಲಿ ಹೊರಗೆ ಬಂದು ಹಳ್ಳ ಸೇರುತ್ತದೆ. ಗೊಬ್ಬರದ ಇನ್ನೊಂದು ಪೋಷಕ ರಂಜಕ ಬೇರೆ ಥರ. ಅದು ಮಣ್ಣಿಗೆ ಅಂಟಿಕೊಂಡಿರುತ್ತದೆ, ಮಣ್ಣು ಕೊಚ್ಚಿ ಹೋದಾಗ ಅದರ ಬೆನ್ನೇರಿ ಹೋಗುತ್ತದೆ. ಆದರೆ ವರ್ಷಾನುಗಟ್ಟಲೆ ಹಾಕುತ್ತಾ ಬಂದರೆ ಮಣ್ಣಿಗೆ ಹಿಡಿದಿಟ್ಟುಕೊಳ್ಳುವ ಶಕ್ತಿ ಮುಗಿದು, ತಿಳಿ ನೀರಿನಲ್ಲೂ ಕರಗಿ ಹೋಗಲು ಶುರುವಾಗುತ್ತದೆ. ಹಾಕಿದ ಸಾರಜನಕದಲ್ಲಿ ಬೆಳೆಗೆ ಸೇರುವುದು ಪ್ರಪಂಚದ ಲೆಕ್ಕದಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ. ಉಳಿದರ್ಧಕ್ಕೂ ರೈತ ದುಡ್ಡು ಕೊಟ್ಟಿರುತ್ತಾನೆ.

ಕಳೆ ಔಷಧಿಗಳಲ್ಲೂ ಹೀಗೇ ಎರಡು ಜಾತಿ. ಅಟ್ರಾಜಿನ್ ಮಣ್ಣಿಗೆ ಅಷ್ಟಾಗಿ ಅಂಟುವುದಿಲ್ಲ, ನೀರು ಕರೆದಲ್ಲಿಗೆ ಹೋಗುತ್ತದೆ. ಗ್ಲೈಫೋಸೇಟ್ ಮಣ್ಣನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಹಾಗಾಗಿ ಕೆಂಪು ನೀರಿನ ಜೊತೆ, ಅಂದರೆ ಕೊಚ್ಚಿ ಹೋಗುವ ಮಣ್ಣಿನ ಜೊತೆ ಹೋಗುತ್ತದೆ. ಮಣ್ಣಿಗೆ ಅಂಟುತ್ತದೆ, ಆದ್ದರಿಂದ ನೀರಿಗೆ ಹೋಗುವುದಿಲ್ಲ ಅಂತ ನಮಗೆ ಹೇಳಿಕೊಟ್ಟರು. ಮಣ್ಣೇ ನೀರಿಗೆ ಹೋಗುತ್ತಿದ್ದರೆ? ಆ ಪ್ರಶ್ನೆ ಕೇಳಬೇಕು ಅಂತ ನಮಗೂ ಹೊಳೆಯಲಿಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ದಯವಿಟ್ಟು ಈ ಲೆಕ್ಕ ನಿಧಾನವಾಗಿ ಓದಿ, ನನಗೆ ನಿದ್ದೆ ಕೆಡಿಸಿದ್ದು ಇದೇ.

ಒಂದು ಹೆಕ್ಟೇರಿಗೆ ಅಟ್ರಾಜಿನ್ ಸುಮಾರು 1 ಕಿಲೋ ಬೀಳುತ್ತದೆ ಅಂದುಕೊಳ್ಳಿ. ಹಾಕಿದ್ದರಲ್ಲಿ ಹರಿದು ಹೋಗುವುದು ಸಾಮಾನ್ಯವಾಗಿ ತೀರಾ ಕಡಿಮೆ, ನೂರಕ್ಕೆ ಒಂದೋ ಎರಡೋ ಪಾಲು. ಇದನ್ನೇ ತೋರಿಸಿ ಏನೂ ತೊಂದರೆ ಇಲ್ಲ ಅನ್ನುತ್ತಾರೆ. ಸರಿ, ನೂರಕ್ಕೆ ಒಂದು ಅಂದರೆ 10 ಗ್ರಾಂ. ಮೊದಲ ದೊಡ್ಡ ಮಳೆಯಲ್ಲಿ ಆ ಹೆಕ್ಟೇರಿನಿಂದ ಬರೀ 10 ಮಿಲಿಮೀಟರ್ ನೀರು ಹರಿದು ಹೊರಗೆ ಹೋಯಿತು ಅಂದರೂ ಅದು 1 ಲಕ್ಷ ಲೀಟರ್. 10 ಗ್ರಾಂ ಔಷಧಿ 1 ಲಕ್ಷ ಲೀಟರಿನಲ್ಲಿ ಸೇರಿದರೆ ಲೀಟರಿಗೆ 100 ಮೈಕ್ರೋಗ್ರಾಂ ಆಯಿತು (ಮೈಕ್ರೋಗ್ರಾಂ ಅಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು). ಅಮೆರಿಕದಲ್ಲಿ ಕುಡಿಯುವ ನೀರಿಗೆ ಅಟ್ರಾಜಿನ್ ಮಿತಿ ಲೀಟರಿಗೆ 3 ಮೈಕ್ರೋಗ್ರಾಂ. ಯುರೋಪಿನ ಒಕ್ಕೂಟದಲ್ಲಿ ಯಾವುದೇ ಒಂದು ಕೀಟನಾಶಕಕ್ಕಾಗಲಿ ಕಳೆನಾಶಕಕ್ಕಾಗಲಿ 0.1 ಮೈಕ್ರೋಗ್ರಾಂ. ಅಂದರೆ ಒಂದೇ ಒಂದು ಗ್ರಾಂ ಔಷಧಿ ಸಾಕು, 1 ಕೋಟಿ ಲೀಟರ್ ನೀರು ಯುರೋಪಿನ ಮಿತಿಯ ಅಂಚಿಗೆ ಬಂದು ನಿಲ್ಲಲು. ನಾನು ಹಳ್ಳದಲ್ಲಿ ಅದ್ದಿ ತೊಳೆದ ಕ್ಯಾನಿನ ತಳದಲ್ಲಿ ಒಂದು ಗ್ರಾಂ ಇರಲಿಲ್ಲವೇ? ಖಂಡಿತ ಇತ್ತು.

ಹಳ್ಳ ಸೇರಿದ ಮೇಲೆ ಬೇರೆ ನೀರು ಬೆರೆತು ತೆಳುವಾಗುತ್ತದೆ, ಅದು ನಿಜ. ಆದರೆ ಸಣ್ಣ ಹಳ್ಳದಲ್ಲಿ ಬೆರೆಯಲು ಬೇರೆ ನೀರು ಎಲ್ಲಿದೆ? ಅಲ್ಲಿಗೆ ಬರುವುದೆಲ್ಲ ಅಕ್ಕಪಕ್ಕದ ಹೊಲದ ನೀರೇ. ಎಲ್ಲರೂ ಬಿತ್ತಿದ್ದು ಅದೇ ವಾರ, ಔಷಧಿ ಹೊಡೆದದ್ದೂ ಅದೇ ವಾರ, ಮಳೆ ಬಂದದ್ದು ಎಲ್ಲರಿಗೂ ಒಂದೇ ದಿನ.

ವರ್ಷದಲ್ಲಿ ಹರಿದು ಹೋಗುವ ಕಳೆ ಔಷಧಿಯ ದೊಡ್ಡ ಪಾಲು ಹೀಗೆ ಒಂದೆರಡು ಮಳೆಯಲ್ಲೇ ಹೋಗಿಬಿಡುತ್ತದೆ. ಹೊಡೆದ ಮೇಲೆ ಎಷ್ಟು ಬೇಗ ಮಳೆ ಬಂತು ಅನ್ನುವುದೇ ಎಲ್ಲವನ್ನೂ ನಿರ್ಧರಿಸುತ್ತದೆ. ಹದಿನೈದು ದಿನ ಮಳೆ ಇಲ್ಲದಿದ್ದರೆ ಔಷಧಿ ಮಣ್ಣಿನಲ್ಲಿ ಕುಳಿತು, ಸ್ವಲ್ಪ ಕರಗಿ, ಸ್ವಲ್ಪ ಸೂಕ್ಷ್ಮಜೀವಿಗಳ ಬಾಯಿಗೆ ಬಿದ್ದು, ಹರಿದು ಹೋಗುವುದು ಎಷ್ಟೋ ಕಡಿಮೆಯಾಗುತ್ತದೆ.

ಹೀಗಿರುವಾಗ ನೀರಿನ ಪರೀಕ್ಷೆ ಹೇಗೆ ನಡೆಯುತ್ತದೆ ನೋಡಿ. ಮೂರು ತಿಂಗಳಿಗೊಮ್ಮೆ ಮಾದರಿ ತೆಗೆದು ವರ್ಷದ ಸರಾಸರಿ ಹಾಕುವುದು ಒಂದು ಪದ್ಧತಿ. ಅಮೆರಿಕದಲ್ಲಿ ಅಟ್ರಾಜಿನ್ ಮಿತಿಯನ್ನು ನೋಡುವುದೂ ಹೀಗೆ ವರ್ಷದ ಸರಾಸರಿಯಿಂದಲೇ. ಎಷ್ಟೋ ಕಡೆ ಅಷ್ಟೂ ಇಲ್ಲ, ಯಾವಾಗಲೋ ಒಂದು ದಿನ, ಮಳೆ ಇಲ್ಲದ, ರಸ್ತೆ ಒಣಗಿದ, ಗಾಡಿ ಸಲೀಸಾಗಿ ಹೋಗುವ ದಿನ ಹೋಗಿ ಬಾಟಲಿ ತುಂಬಿಕೊಂಡು ಬರುತ್ತಾರೆ. ವರ್ಷಕ್ಕೆ ನಾಲ್ಕು ಬಾಟಲಿಯಲ್ಲಿ ಮೂರು ಬಾಟಲಿ ಔಷಧಿ ಹೊಡೆಯದ ಕಾಲದವು. ನಾಲ್ಕನೆಯದು ಮಳೆ ಬಂದು ಹತ್ತು ದಿನ ಆದ ಮೇಲಿನದು. ನಾಲ್ಕನ್ನೂ ಕೂಡಿಸಿ ಭಾಗಿಸಿದರೆ ನೀರು ಶುದ್ಧ ಅಂತಲೇ ಬರುತ್ತದೆ. ಆದರೆ ಗೊದಮೊಟ್ಟೆ ಸರಾಸರಿ ನೀರಿನಲ್ಲಿ ಬದುಕುವುದಿಲ್ಲ, ಆ ದಿನದ ನೀರಿನಲ್ಲಿ ಬದುಕುತ್ತದೆ. ಗುಟುಕು ನೀರು ಕುಡಿಯುವವರೂ ಅಷ್ಟೇ.

ಇನ್ನೊಂದು ಮಾತು. ಮಾದರಿಯನ್ನು ಸೋಸಿ ತಿಳಿ ನೀರನ್ನು ಮಾತ್ರ ಪರೀಕ್ಷಿಸಿದರೆ ಮಣ್ಣಿಗೆ ಅಂಟಿದ ರಂಜಕವೂ ಗ್ಲೈಫೋಸೇಟೂ ಸೋಸುವ ಕಾಗದದ ಮೇಲೇ ಉಳಿಯುತ್ತವೆ. ಕೆಸರು ನೀರನ್ನು ಕೆಸರಿನ ಸಮೇತ ನೋಡಬೇಕು.

ನೀರು ಶುದ್ಧೀಕರಣ ಘಟಕ ಇದೆಯಲ್ಲ, ಅಲ್ಲಿ ಎಲ್ಲ ಹೋಗುತ್ತದೆ ಅಲ್ವಾ ಅಂತ ಬಹಳ ಜನ ಕೇಳುತ್ತಾರೆ. ಹೋಗುವುದಿಲ್ಲ. ಮರಳಿನ ಸೋಸುವಿಕೆ ಮತ್ತು ಕ್ಲೋರಿನ್ ರೋಗಾಣುಗಳಿಗೆ ಮಾಡಿದ್ದು. ಅಟ್ರಾಜಿನ್‌ನಂಥದ್ದನ್ನು ತೆಗೆಯಲು ವಿಶೇಷ ಇದ್ದಿಲು ಬೇಕು. ನೈಟ್ರೇಟ್‌ಗೆ ಅದೂ ಸಾಲದು, ಅಯಾನು ವಿನಿಮಯವೋ ರಿವರ್ಸ್ ಆಸ್ಮೋಸಿಸ್ಸೋ ಬೇಕು, ಎರಡೂ ದುಬಾರಿ. ಮನೆಯಲ್ಲಿ ಕಾಯಿಸಿದರೆ ನೈಟ್ರೇಟ್ ಕಡಿಮೆಯಾಗುವುದಿಲ್ಲ, ನೀರು ಆವಿಯಾಗಿ ಉಳಿದ ನೀರಿನಲ್ಲಿ ಅದು ಇನ್ನೂ ಜಾಸ್ತಿಯಾಗುತ್ತದೆ. ಮಗುವಿಗೆ ಒಳ್ಳೆಯದಾಗಲಿ ಅಂತ ಚೆನ್ನಾಗಿ ಕುದಿಸಿ ಹಾಲಿನ ಪುಡಿ ಕಲಸುವ ತಾಯಿಗೆ ಇದನ್ನು ಯಾರು ಹೇಳಿದ್ದಾರೆ? 1945ರಲ್ಲೇ ಅಮೆರಿಕದ ಅಯೋವಾದಲ್ಲಿ ಹಂಟರ್ ಕಾಮ್ಲಿ ಎಂಬ ವೈದ್ಯರು ಬಾವಿ ನೀರಿನ ನೈಟ್ರೇಟ್‌ನಿಂದ ಎಳೆಯ ಮಕ್ಕಳ ಮೈ ನೀಲಿ ತಿರುಗುವುದನ್ನು ಬರೆದರು. ರಕ್ತ ಆಮ್ಲಜನಕವನ್ನು ಹೊರುವ ಕೆಲಸ ಬಿಟ್ಟುಬಿಡುತ್ತದೆ. ಆರು ತಿಂಗಳೊಳಗಿನ ಕೂಸುಗಳಿಗೆ ಅಪಾಯ ಹೆಚ್ಚು. ಲೀಟರಿಗೆ 50 ಮಿಲಿಗ್ರಾಂ ನೈಟ್ರೇಟ್ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಬಂದದ್ದು ಈ ಕೂಸುಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ.

ಕಾಯಿಸಬೇಡಿ ಎಂದು ಇಡೀ ಒಂದು ನಗರಕ್ಕೆ ಹೇಳಬೇಕಾಗಿ ಬಂದದ್ದೂ ಇದೆ. 2014ರ ಆಗಸ್ಟ್ 2ರಂದು ಅಮೆರಿಕದ ಟೊಲೀಡೊ ನಗರದಲ್ಲಿ 4 ಲಕ್ಷಕ್ಕೂ ಹೆಚ್ಚು ಜನರಿಗೆ ನಲ್ಲಿ ನೀರು ಕುಡಿಯಬೇಡಿ ಅಂದರು. ಈರಿ ಸರೋವರದಲ್ಲಿ ಎದ್ದ ನೀಲಿಹಸಿರು ಪಾಚಿಯ ವಿಷ, ಮೈಕ್ರೋಸಿಸ್ಟಿನ್, ನಲ್ಲಿಯ ನೀರಿಗೇ ಬಂದಿತ್ತು. ಕಾಯಿಸಿದರೆ ಆ ವಿಷ ಹೋಗುವುದಿಲ್ಲ, ಗಟ್ಟಿಯಾಗುತ್ತದೆ. ಎದುರಿಗೆ ಸಮುದ್ರದಂಥ ಸಿಹಿನೀರಿನ ಸರೋವರ ಇಟ್ಟುಕೊಂಡು ಜನ ಎರಡು ಮೂರು ದಿನ ಬಾಟಲಿ ನೀರಿಗೆ ಸಾಲು ನಿಂತರು. ಆ ಪಾಚಿಗೆ ಮೇವು ಹೋಗಿದ್ದು ಬಹುಪಾಲು ಮೌಮಿ ನದಿಯ ಮೂಲಕ, ಹೊಲಗಳ ರಂಜಕದಿಂದ.

ಈರಿಯ ಕಥೆಯನ್ನು ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ಅದರಲ್ಲಿ ಧೈರ್ಯವೂ ಇದೆ, ಎಚ್ಚರಿಕೆಯೂ ಇದೆ. 1960ರ ದಶಕದಲ್ಲಿ ಆ ಸರೋವರ ಸತ್ತೇ ಹೋಯಿತು ಅಂದಿದ್ದರು. ಯಾವುದರಿಂದ ಪಾಚಿ ಏಳುತ್ತದೆ ಅಂತ ಆಗ ದೊಡ್ಡ ವಾದ ನಡೆದಿತ್ತು. 1973ರಲ್ಲಿ ಕೆನಡಾದ ಡೇವಿಡ್ ಶಿಂಡ್ಲರ್ ಮತ್ತು ಜೊತೆಯವರು 226ನೇ ನಂಬರಿನ ಒಂದು ಪುಟ್ಟ ಸರೋವರವನ್ನು ನಡುವೆ ಪರದೆ ಕಟ್ಟಿ ಎರಡು ಪಾಲು ಮಾಡಿದರು. ಎರಡಕ್ಕೂ ಇಂಗಾಲ ಮತ್ತು ಸಾರಜನಕ ಹಾಕಿದರು, ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಪಾಲು ಹಸಿರಾಯಿತು, ಇನ್ನೊಂದು ತಿಳಿಯಾಗಿಯೇ ಉಳಿಯಿತು. ಆಕಾಶದಿಂದ ತೆಗೆದ ಆ ಫೋಟೋ ನೋಡಿದವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. 1972ರಲ್ಲಿ ಅಮೆರಿಕ ಮತ್ತು ಕೆನಡಾ ಒಪ್ಪಂದ ಮಾಡಿಕೊಂಡು ಒಳಚರಂಡಿ ನೀರಿನ ಮತ್ತು ಬಟ್ಟೆ ಸೋಪಿನ ರಂಜಕ ತಗ್ಗಿಸಿದ ಮೇಲೆ ಈರಿ ಚೇತರಿಸಿಕೊಂಡಿತು. 1990ರ ದಶಕದ ಮಧ್ಯದಿಂದ ಪಾಚಿ ಮತ್ತೆ ಬಂತು. ಈ ಸಲ ಕಾರ್ಖಾನೆ, ಪೈಪು ಕಾಣುತ್ತಿರಲಿಲ್ಲ. ಸಾವಿರಾರು ಹೊಲಗಳಿಂದ ಸ್ವಲ್ಪ ಸ್ವಲ್ಪ ಬರುತ್ತಿತ್ತು.

ಅಲ್ಲಿನ ರೈತರು ಸುಮ್ನೆ ಕುಳಿತವರಲ್ಲ ಅನ್ನುವುದನ್ನೂ ಹೇಳಬೇಕು. ಮಣ್ಣು ಕೊಚ್ಚಿ ಹೋಗಬಾರದು ಅಂತ ಉಳುಮೆ ಬಿಟ್ಟರು. ಮಣ್ಣು ಉಳಿಯಿತು. ಆದರೆ ಉಳದ ಹೊಲದಲ್ಲಿ ಮೇಲೆ ಎರಚಿದ ಗೊಬ್ಬರ ಮೇಲೆಯೇ ಉಳಿದು, ಮೇಲ್ಪದರದಲ್ಲಿ ರಂಜಕ ಕೂಡುತ್ತಾ ಹೋಗಿ, ಕರಗಿದ ರೂಪದಲ್ಲಿ ಹರಿಯಲು ಶುರುವಾಯಿತು. ಪಾಚಿ ಮರಳಿ ಬಂದ ಕಾರಣಗಳಲ್ಲಿ ಇದೂ ಒಂದು ಎಂದು ವಿಜ್ಞಾನಿಗಳು ಗುರುತಿಸಿದ್ದಾರೆ. ಒಳ್ಳೆಯ ಕೆಲಸವೇ, ಆದರೆ ಗೊಬ್ಬರವನ್ನು ಮಣ್ಣಿನೊಳಗೆ ಕೂರಿಸುವ ಇನ್ನೊಂದು ಅರ್ಧ ಕೆಲಸ ಉಳಿದುಬಿಟ್ಟಿತು. ಆದ್ದರಿಂದ ದಯವಿಟ್ಟು ಒಂದೇ ಉಪಾಯವನ್ನು ಎಲ್ಲರ ಮೇಲೆ ಹೇರಬೇಡಿ.

ದೂರದ ಸಮುದ್ರದ ಮಾತು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಮಿಸಿಸಿಪ್ಪಿ ನದಿ ಹೊತ್ತು ತರುವ ಸಾರಜನಕ, ರಂಜಕದಿಂದ ಮೆಕ್ಸಿಕೊ ಕೊಲ್ಲಿಯಲ್ಲಿ ಪ್ರತಿ ಬೇಸಿಗೆ ಉಸಿರಿಲ್ಲದ ನೀರಿನ ವಲಯ ಹುಟ್ಟುತ್ತದೆ. 2017ರಲ್ಲಿ ಅದು ಸುಮಾರು 22,700 ಚದರ ಕಿಲೋಮೀಟರ್ ಇತ್ತು. ಅದನ್ನು 5,000ಕ್ಕೆ ಇಳಿಸಬೇಕು ಎಂದು ಗುರಿ ಇಟ್ಟುಕೊಂಡು ಎಷ್ಟೋ ವರ್ಷ ಆಯಿತು. ಹಾಗಂತ ಆಗುವುದೇ ಇಲ್ಲ ಅಂತ ಅಲ್ಲ. ಕಪ್ಪು ಸಮುದ್ರದ ವಾಯವ್ಯ ಭಾಗದಲ್ಲೂ ಇಂಥದ್ದೇ ಸತ್ತ ವಲಯ ಇತ್ತು. 1990ರ ಹೊತ್ತಿಗೆ ಪೂರ್ವ ಯುರೋಪಿನ ಆರ್ಥಿಕತೆ ಕುಸಿದು ಅಲ್ಲಿನ ರೈತರಿಗೆ ಗೊಬ್ಬರ ಕೊಳ್ಳಲು ಆಗದೆ ಹೋದಾಗ, ಕೆಲವೇ ವರ್ಷಗಳಲ್ಲಿ ಆ ವಲಯ ಬಹುಮಟ್ಟಿಗೆ ಕರಗಿತು. ರೈತರನ್ನು ಬಡವರನ್ನಾಗಿ ಮಾಡಿ ಸಮುದ್ರ ಉಳಿಸಿ ಅಂತ ನಾನು ಹೇಳುತ್ತಿಲ್ಲ. ಮೇಲಿಂದ ಬರುವುದು ನಿಂತರೆ ನೀರು ವಾಸಿಯಾಗುತ್ತದೆ ಅನ್ನುವುದಕ್ಕೆ ಅದು ಸಾಕ್ಷಿ, ಅಷ್ಟೇ. ಬೆಳೆ ಕಳೆದುಕೊಳ್ಳದೆ ಮಾಡಿದವರೂ ಇದ್ದಾರೆ. ಡೆನ್ಮಾರ್ಕ್ 1987ರಲ್ಲಿ ನೀರಿನ ಕಾರ್ಯಯೋಜನೆ ಶುರು ಮಾಡಿತು. ಪ್ರತಿ ಹೊಲಕ್ಕೂ ಗೊಬ್ಬರದ ಲೆಕ್ಕ, ಸಗಣಿ ಗೊಬ್ಬರವನ್ನು ಬೆಳೆ ಇಲ್ಲದ ಕಾಲದಲ್ಲಿ ಚೆಲ್ಲದೆ ತೊಟ್ಟಿಯಲ್ಲಿ ಇಡುವುದು, ಕೊಯ್ಲಾದ ಮೇಲೆ ಉಳಿದ ಸಾರಜನಕ ಹೀರುವ ಹೊದಿಕೆ ಬೆಳೆ, ಹೀಗೆ ಒಂದರ ಮೇಲೆ ಒಂದು ಸೇರಿಸುತ್ತಾ ಹದಿನೈದಿಪ್ಪತ್ತು ವರ್ಷದಲ್ಲಿ ಹೊಲದಿಂದ ಸೋರುವ ಸಾರಜನಕವನ್ನು ಹೆಚ್ಚುಕಡಿಮೆ ಅರ್ಧಕ್ಕೆ ತಂದರು. ಅದು ಹದಿನೈದಿಪ್ಪತ್ತು ವರ್ಷದ ಕೆಲಸ. ಎರಡು ವರ್ಷ ನೋಡಿ ಫಲ ಬರಲಿಲ್ಲ ಅಂತ ಕೈಬಿಡುವ ಯೋಜನೆಯಾದರೆ ಶುರು ಮಾಡುವುದೇ ಬೇಡ. ಮಣ್ಣಿನಲ್ಲಿ ಕೂಡಿಟ್ಟ ಹಳೆಯ ರಂಜಕ ಇನ್ನೂ ಬಹಳ ವರ್ಷ ಸೋರುತ್ತದೆ. ಯುರೋಪಿನ ಒಕ್ಕೂಟ ಅಟ್ರಾಜಿನ್ ಅನುಮತಿಯನ್ನು 2004ರಲ್ಲೇ ಹಿಂತೆಗೆದುಕೊಂಡಿತು, ಅದಾಗಿ ಎಷ್ಟೋ ವರ್ಷದ ಮೇಲೂ ಅಲ್ಲಿನ ಅಂತರ್ಜಲದಲ್ಲಿ ಅದು ಸಿಗುತ್ತಲೇ ಇದೆ.

ಇನ್ನು ದುಡ್ಡು ಎಲ್ಲಿ ಹಾಕಬೇಕು ಅನ್ನುವುದು.

ಅಯೋವಾದ ಡೆಮಾಯ್ನ್ ನಗರದ ನೀರು ಸರಬರಾಜು ಸಂಸ್ಥೆ ನದಿಯ ನೈಟ್ರೇಟ್ ತೆಗೆಯಲೆಂದೇ 1990ರ ದಶಕದ ಆರಂಭದಲ್ಲಿ ದೊಡ್ಡ ಘಟಕ ಕಟ್ಟಬೇಕಾಯಿತು. 2015ರಲ್ಲಿ ಮೇಲಿನ ಹೊಲಗಳ ಬಸಿಗಾಲುವೆ ನೋಡಿಕೊಳ್ಳುವ ಮಂಡಳಿಗಳ ಮೇಲೆ ಮೊಕದ್ದಮೆ ಹಾಕಿತು. 2017ರಲ್ಲಿ ನ್ಯಾಯಾಲಯ ಅದನ್ನು ವಜಾ ಮಾಡಿತು. ಅಷ್ಟೆಲ್ಲ ಆದ ಮೇಲೂ ನದಿಗೆ ಬರುವ ನೈಟ್ರೇಟ್ ಹಾಗೇ ಉಳಿಯಿತು, ನಗರದವರಿಗೂ ರೈತರಿಗೂ ಮನಸ್ತಾಪ ಮಾತ್ರ ಬೆಳೆಯಿತು. ನಲ್ಲಿಯ ಹತ್ತಿರ ಹಾಕುವ ದುಡ್ಡು ಪ್ರತಿ ವರ್ಷವೂ ಹಾಕಬೇಕಾದ ದುಡ್ಡು, ಮತ್ತು ಅದರಿಂದ ಹಳ್ಳದ ಒಂದು ಕಪ್ಪೆಗೂ ಉಪಯೋಗ ಇಲ್ಲ.

ಅದೇ ಅಯೋವಾದಲ್ಲಿ 2007ರಲ್ಲಿ ಶುರುವಾದ ಇನ್ನೊಂದು ಪ್ರಯೋಗ ನನಗೆ ಬಹಳ ಇಷ್ಟ. ಹೊಲದ ಹತ್ತರಲ್ಲಿ ಒಂದು ಪಾಲು ಜಾಗದಲ್ಲಿ, ಇಳಿಜಾರಿಗೆ ಅಡ್ಡವಾಗಿ ಮತ್ತು ನೀರು ಹೊರಗೆ ಹೋಗುವ ತಗ್ಗಿನಲ್ಲಿ, ಆ ನೆಲದ್ದೇ ಆದ ಹುಲ್ಲು ಮತ್ತು ಹೂಗಿಡಗಳ ಪಟ್ಟಿ ಬೆಳೆಸಿದರು. ಕೊಚ್ಚಿ ಹೋಗುವ ಮಣ್ಣು 20 ಪಟ್ಟು ಕಡಿಮೆಯಾಯಿತು, ರಂಜಕ 4 ಪಟ್ಟಿಗಿಂತ ಹೆಚ್ಚು ಕಡಿಮೆಯಾಯಿತು. ಬಿಟ್ಟುಕೊಟ್ಟದ್ದು ಹತ್ತರಲ್ಲಿ ಒಂದು ಪಾಲು, ಉಳಿದದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ಬೇರು ದಟ್ಟವಾಗಿರುವ ಹುಲ್ಲು ನೀರಿನ ಓಟವನ್ನು ತಗ್ಗಿಸುತ್ತದೆ, ಓಟ ತಗ್ಗಿದರೆ ಮಣ್ಣು ಕೆಳಗೆ ಕೂರುತ್ತದೆ, ಮಣ್ಣು ಕೂತರೆ ಅದಕ್ಕೆ ಅಂಟಿದ್ದೂ ಅಲ್ಲೇ ಉಳಿಯುತ್ತದೆ. ಬದುವಿನ ಹುಲ್ಲಿನ ಬುಡದಲ್ಲಿ ಮಳೆಗಾಲ ಮುಗಿದ ಮೇಲೆ ನುಣ್ಣನೆ ಮಣ್ಣು ಗುಡ್ಡೆ ಕೂತಿರುವುದನ್ನು ಹೊಲ ಮಾಡುವ ಎಲ್ಲರೂ ನೋಡಿದ್ದಾರೆ. ಆ ಬದುವನ್ನೇ ನಾವು ಎರಡು ಸಾಲು ಜಾಸ್ತಿ ಸಿಗಲಿ ಅಂತ ಉತ್ತು ಕಿರಿದು ಮಾಡಿದೆವು, ಉಳಿದ ಹುಲ್ಲಿಗೂ ಕಳೆ ಔಷಧಿ ಹೊಡೆದು ಬೋಳು ಮಾಡಿದೆವು.

ಹುಲ್ಲಿನ ಪಟ್ಟಿಗೂ ಒಂದು ಮಿತಿ ಇದೆ, ಅದನ್ನು ಮುಚ್ಚಿಡಬಾರದು. ನೆಲದೊಳಗೆ ಪೈಪು ಹಾಕಿ ನೀರು ಬಸಿಯುವ ಹೊಲದಲ್ಲಿ ನೈಟ್ರೇಟ್ ಆ ಪಟ್ಟಿಯ ಕೆಳಗೇ ನುಸುಳಿ ಸೀದಾ ಹಳ್ಳಕ್ಕೆ ಬೀಳುತ್ತದೆ. ಅಲ್ಲಿ ಪೈಪಿನ ಬಾಯಿಗೆ ಒಂದು ಸಣ್ಣ ಜೌಗು, ಜೊಂಡು ಬೆಳೆದ ಹೊಂಡ ಇರಬೇಕು. ಗಾಳಿಯಾಡದ ಆ ಕೆಸರಿನ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಒಡೆದು, ಅದರ ಬಹುಪಾಲನ್ನು ಸಾರಜನಕದ ಅನಿಲವಾಗಿ ಗಾಳಿಗೆ ಬಿಡುತ್ತವೆ. ನಾವು ಕೊಳಕು ಜಾಗ ಅಂತ ಮಣ್ಣು ತುಂಬಿ ಮುಚ್ಚಿದ ಜೌಗುಗಳು ಸಂಬಳವಿಲ್ಲದೆ ಈ ಕೆಲಸ ಮಾಡುತ್ತಿದ್ದವು.

ಕ್ಯಾನ್ ತೊಳೆಯುವುದಕ್ಕೂ ಸುಲಭ ದಾರಿ ಇದೆ. ಸ್ವೀಡನ್ನಿನಲ್ಲಿ 1990ರ ದಶಕದ ಆರಂಭದಲ್ಲಿ ಒಂದು ಗುಂಡಿ ಕಂಡುಹಿಡಿದರು. ತಳಕ್ಕೆ ಜೇಡಿಮಣ್ಣು, ಮೇಲೆ ಹುಲ್ಲಿನ ಒಣ ಕಡ್ಡಿ, ಮಣ್ಣು ಮತ್ತು ಪೀಟ್ (ಜೌಗಿನಲ್ಲಿ ಅರೆಬರೆ ಕೊಳೆತ ಗಿಡಗಳ ಕಪ್ಪು ಮಣ್ಣು) ಕಲಸಿದ ಮಿಶ್ರಣ, ಅದರ ಮೇಲೆ ಹುಲ್ಲಿನ ಹಾಸು. ಔಷಧಿ ಕಲಸುವುದೂ ಸ್ಪ್ರೇಯರ್ ತೊಳೆಯುವುದೂ ಅದರ ಮೇಲೆಯೇ. ಚೆಲ್ಲಿದ ಔಷಧಿಯನ್ನು ಆ ಮಿಶ್ರಣ ಹಿಡಿದುಕೊಳ್ಳುತ್ತದೆ, ಒಳಗಿನ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾ ನಿಧಾನವಾಗಿ ಒಡೆಯುತ್ತವೆ. ಇದಕ್ಕೆ ಯಂತ್ರ ಬೇಡ, ಕರೆಂಟ್ ಬೇಡ. ಔಷಧಿ ಹೊಡೆಯುವ ಪ್ರತಿ ಕಡೆ ಇಂಥದ್ದೊಂದು ಗುಂಡಿ ಇರಬೇಕು ಅಂತ ನೀವು ಮನಸ್ಸು ಮಾಡಿದರೆ ಒಂದೇ ವರ್ಷದಲ್ಲಿ ಆಗುವ ಕೆಲಸ. ನನಗೆ ಇದು ಮೊದಲೇ ಗೊತ್ತಿದ್ದರೆ ನಾನು ಹಳ್ಳಕ್ಕೆ ಹೋಗುತ್ತಿರಲಿಲ್ಲ.

ರೈತ ಯಾಕೆ ಹೀಗೆ ಮಾಡುತ್ತಾನೆ ಅನ್ನುವುದನ್ನು ಮೇಜಿನ ಆಚೆ ಕುಳಿತವರು ಅರ್ಥ ಮಾಡಿಕೊಳ್ಳಬೇಕು. ಕೈಯಲ್ಲಿ ಕಳೆ ತೆಗೆಯಲು ಆಳು ಸಿಗುವುದಿಲ್ಲ. ಸ್ಪ್ರೇಯರ್ ಬಾಡಿಗೆಗೆ ಬರುವುದು ಒಂದೇ ದಿನ, ಆ ದಿನ ಮೋಡ ಇದ್ದರೂ ಹೊಡೆಯಬೇಕು, ಬಿಟ್ಟರೆ ಇನ್ನು ಎಂಟು ದಿನ ಸಿಗುವುದಿಲ್ಲ. ಎಷ್ಟು ಗೊಬ್ಬರ ಹಾಕಬೇಕು ಅಂತ ಹೇಳುವವನು ಬಹಳ ಸಲ ಗೊಬ್ಬರ ಮಾರುವವನೇ. ಕಡಿಮೆ ಹಾಕಿ ಬೆಳೆ ಕೈಕೊಟ್ಟರೆ ನಷ್ಟ ಕಣ್ಣಿಗೆ ಕಾಣುತ್ತದೆ, ಜಾಸ್ತಿ ಹಾಕಿ ಹರಿದು ಹೋದರೆ ನಷ್ಟ ಕಾಣುವುದಿಲ್ಲ. ಹಾಗಾಗಿ ಭಯಕ್ಕೆ ಒಂದು ಚೀಲ ಜಾಸ್ತಿ ಬೀಳುತ್ತದೆ. ಇನ್ನು ಹೊಲ ಗುತ್ತಿಗೆಗೆ ಮಾಡುವವನು ವರ್ಷ ಬಿಟ್ಟು ವರ್ಷ ಆ ಹೊಲ ತನ್ನ ಕೈಯಲ್ಲಿ ಇರುತ್ತದೋ ಇಲ್ಲವೋ ಅನ್ನುವ ಸ್ಥಿತಿಯಲ್ಲಿ ಅಂಚಿನಲ್ಲಿ ಹುಲ್ಲು ಬೆಳೆಸಿ ಹತ್ತರಲ್ಲಿ ಒಂದು ಪಾಲು ಯಾಕೆ ಬಿಡುತ್ತಾನೆ, ಅದೂ ಪೂರ್ತಿ ಜಾಗಕ್ಕೆ ಗುತ್ತಿಗೆ ಹಣ ಕಟ್ಟಿ?

ಅದಕ್ಕೇ ನಾನು ಹೇಳುವುದು, ಆ ಪಟ್ಟಿಗೆ ದುಡ್ಡು ಕೊಡಿ. ದಂಡದಿಂದ ಶುರು ಮಾಡಬೇಡಿ. ಹಳ್ಳದ ಅಂಚಿನಲ್ಲಿ ಹುಲ್ಲು ಬಿಟ್ಟವನಿಗೆ ಆ ಜಾಗದಲ್ಲಿ ಬರಬಹುದಾಗಿದ್ದ ಬೆಳೆಯಷ್ಟನ್ನು ಕೊಡಿ, ಮತ್ತು ಅದನ್ನು ಪ್ರತಿ ವರ್ಷ ತಪ್ಪದೆ ಕೊಡಿ. ನೀರು ಶುದ್ಧ ಮಾಡುವುದಕ್ಕೆ ಖರ್ಚು ಮಾಡುವ ಹಣದಲ್ಲಿ ಒಂದು ಪಾಲು ತೆಗೆದಿಟ್ಟರೂ ಸಾಕು. ಮಣ್ಣಿನ ಪರೀಕ್ಷೆಯ ಫಲಿತಾಂಶವನ್ನು ಬಿತ್ತನೆಗೆ ಮೊದಲು ಕೊಡಿ, ಕೊಯ್ಲಿನ ನಂತರ ಬರುವ ಚೀಟಿಯಿಂದ ಏನೂ ಉಪಯೋಗ ಇಲ್ಲ. ಗೊಬ್ಬರವನ್ನು ಒಂದೇ ಸಲ ಎರಚದೆ ಎರಡು ಮೂರು ಕಂತಿನಲ್ಲಿ, ಬೇರಿನ ಹತ್ತಿರ, ಮಣ್ಣು ಮುಚ್ಚಿ ಕೊಡುವ ಸಣ್ಣ ಉಪಕರಣಗಳನ್ನು ಬಾಡಿಗೆಗೆ ಸಿಗುವ ಹಾಗೆ ಮಾಡಿ. ಎರಡು ದಿನದಲ್ಲಿ ದೊಡ್ಡ ಮಳೆ ಇದೆ, ಇವತ್ತು ಹೊಡೆಯಬೇಡಿ ಅನ್ನುವ ಒಂದು ಸಾಲಿನ ಸಂದೇಶ ನಮ್ಮ ಮೊಬೈಲಿಗೆ ಬರಲಿ. ಆ ಒಂದು ಸಾಲಿನಿಂದ ಎಷ್ಟು ನೀರು ಉಳಿಯುತ್ತದೆ ಅಂತ ಮೇಲಿನ ಲೆಕ್ಕದಲ್ಲೇ ಇದೆ.

ಎರಡು ಮೂರು ವರ್ಷ ಹೀಗೆ ಬೆನ್ನಿಗೆ ನಿಂತ ಮೇಲೂ ಹಳ್ಳದ ದಡದವರೆಗೆ ಔಷಧಿ ಹೊಡೆಯುವವನಿಗೆ ದಂಡ ಹಾಕಿ. ಆಗ ನಾನೂ ನಿಮ್ಮ ಪರ ಮಾತಾಡುತ್ತೇನೆ.

ನನ್ನಂತೆ ಹೊಲ ಮಾಡುವ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಒಂದು ಮಾತು. ಅಧಿಕಾರಿಗಳು ಬರುವವರೆಗೆ ಕಾಯದೆ ಮಾಡಬಹುದಾದದ್ದೂ ಇದೆ. ಹಳ್ಳದ ಅಂಚಿನ ಹುಲ್ಲಿಗೆ ಔಷಧಿ ಮುಟ್ಟಿಸಬೇಡಿ. ಕ್ಯಾನ್ ತೊಳೆದ ನೀರನ್ನು ಔಷಧಿ ಹೊಡೆದ ಹೊಲದಲ್ಲೇ ಸಿಂಪಡಿಸಿ ಮುಗಿಸಿ. ಮೋಡ ಕಂಡರೆ ಗೊಬ್ಬರದ ಚೀಲ ಬಿಚ್ಚಬೇಡಿ. ನಾನು ಈಗ ಇಷ್ಟು ಮಾಡುತ್ತಿದ್ದೇನೆ. ನನ್ನ ಹೊಲದ ತಗ್ಗಿನ ಕಡೆ ಹತ್ತು ಹೆಜ್ಜೆ ಅಗಲ ಹುಲ್ಲು ಬಿಟ್ಟು ಮೂರು ವರ್ಷ ಆಯಿತು. ಹುಲ್ಲಿನ ಬುಡದಲ್ಲಿ ಮಣ್ಣು ಕೂರುವುದು ಕಣ್ಣಿಗೇ ಕಾಣುತ್ತದೆ, ಹರಿಯುವ ನೀರೂ ಮೊದಲಿನಷ್ಟು ಕೆಂಪಾಗಿ ಇಲ್ಲ. ಕೆಳಗಿನ ಹೊಂಡ ಇನ್ನೂ ಹಸಿರಾಗುತ್ತದೆ, ಏಕೆಂದರೆ ಅದಕ್ಕೆ ನೀರು ಬರುವುದು ನನ್ನ ಹೊಲದಿಂದ ಮಾತ್ರ ಅಲ್ಲ. ಒಬ್ಬರಿಂದ ಆಗುವ ಕೆಲಸ ಅಲ್ಲ ಅಂತ ಗೊತ್ತಾಗಿಯೇ ಈ ಪತ್ರ ಬರೆಯಲು ಕುಳಿತೆ.

ಪಟ್ಟಣದವರು ಇದನ್ನು ಓದಿ ರೈತರದ್ದೇ ಎಲ್ಲ ತಪ್ಪು ಅಂತ ತೀರ್ಮಾನಿಸಬೇಡಿ. ಶುದ್ಧ ಮಾಡದೆ ಬಿಡುವ ಚರಂಡಿ ನೀರಿನಲ್ಲೂ ಇದೇ ಸಾರಜನಕ, ಇದೇ ರಂಜಕ ಇದೆ. ಅದಕ್ಕೂ ಇಷ್ಟೇ ಗಟ್ಟಿಯಾಗಿ ಬೇರೆ ಪತ್ರ ಬರೆಯಬೇಕು.

ಮಾನ್ಯರೇ, ನಿಮ್ಮಲ್ಲಿ ಕೊನೆಯದಾಗಿ ಒಂದು ಬೇಡಿಕೆ. ಈ ಸಲ ಬಿತ್ತನೆ ಮುಗಿದು, ಕಳೆ ಔಷಧಿ ಹೊಡೆದು, ಮೊದಲ ದೊಡ್ಡ ಮಳೆ ಬಂದ ದಿನ ನಿಮ್ಮ ಸಿಬ್ಬಂದಿಯನ್ನು ಬಾಟಲಿಗಳ ಸಮೇತ ಹಳ್ಳದ ದಡಕ್ಕೆ ಕಳಿಸಿ. ಮಳೆ ಬೀಳುತ್ತಿರುವಾಗಲೇ ಬರಲಿ, ನಿಂತ ಮೇಲೆ ಬೇಡ. ಅರ್ಧ ಗಂಟೆಗೊಂದು ಬಾಟಲಿ ತುಂಬಲಿ, ನೀರು ಇಳಿಯುವವರೆಗೆ. ಮೊದಲ ಬಾಟಲಿಯನ್ನು ನನ್ನ ಹೊಲದ ಮೂಲೆಯಲ್ಲೇ ತುಂಬಿಕೊಳ್ಳಲಿ, ನೀರು ಹೊರಗೆ ಹೋಗುವ ಜಾಗ ನಾನೇ ತೋರಿಸುತ್ತೇನೆ. ಏನು ಸಿಕ್ಕಿತು ಅನ್ನುವುದನ್ನು ಎಲ್ಲರಿಗೂ ಕಾಣುವ ಹಾಗೆ ಬರೆದು ಹಾಕಿ, ನನ್ನ ಹೊಲದ ಅಂಕಿಯನ್ನೂ ಸೇರಿಸಿ.

ಇಂತಿ,
ಹಳ್ಳದ ಪಕ್ಕದ ಹೊಲದವನು